ಪರದೆಯ ಕೆಲಸ ಬೇರೆ ಪೆಟ್ಟಿಗೆಗೆ

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರ್ ಪರದೆಯ ಮೇಲೆ ಗೆರೆ, ಅಕ್ಷರ, ಬಣ್ಣ ಮೂಡಿಸುವುದು, ಕೀಬೋರ್ಡ್ ಮತ್ತು ಮೌಸ್ ನೋಡಿಕೊಳ್ಳುವುದು ಡಿಸ್‌ಪ್ಲೇ ಸರ್ವರ್ ಎಂಬ ತಂತ್ರಾಂಶದ ಕೆಲಸ. ಅಪ್ಲಿಕೇಶನ್ ಓಡುವ ಯಂತ್ರದಲ್ಲೇ ಅದೂ ಇರಬೇಕು ಅಂತೇನಿಲ್ಲ. ಮೇಜಿನ ಮೇಲಿನ ಒಂದು ಸಣ್ಣ ಪೆಟ್ಟಿಗೆಗೆ ಅದನ್ನು ಒಪ್ಪಿಸಿಬಿಡಬಹುದು.

1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ರಾಬರ್ಟ್ ಶೈಫ್ಲರ್ 'ಎಕ್ಸ್' ವಿಂಡೋ ವ್ಯವಸ್ಥೆ ಬರೆದರು. ಇಂಥ ಡಿಸ್‌ಪ್ಲೇ ಸರ್ವರ್ ಅದರ ಮುಖ್ಯ ಭಾಗ. ಸ್ಟ್ಯಾನ್‌ಫರ್ಡ್‌ನಿಂದ ಬಂದ 'ಡಬ್ಲ್ಯೂ' ಎಂಬ ವ್ಯವಸ್ಥೆಯ ಕೋಡನ್ನೇ ಸಾಕಷ್ಟು ಬಳಸಿಕೊಂಡರು. ಆದರೆ ಒಂದು ಕಡೆ ದಾರಿ ಬದಲಿಸಿದರು. ಡಬ್ಲ್ಯೂನಲ್ಲಿ ಏನಾದರೂ ಬಿಡಿಸಲು ಹೇಳಿದರೆ ಉತ್ತರ ಬರುವ ತನಕ ಕಾಯಬೇಕಿತ್ತು. ಎಕ್ಸ್‌ನಲ್ಲಿ ಹಾಗಿಲ್ಲ. ಗೆರೆ ಎಳೆ, ಚೌಕ ತುಂಬು, ಅಕ್ಷರ ಬರೆ ಅಂತ ಸಾಲಾಗಿ ಹೇಳಿ ಕಳಿಸಿ, ಪ್ರೋಗ್ರಾಂ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ವೇಗ ಸುಮಾರು ಎರಡು ಪಟ್ಟಾದಂತಿದೆ ಎಂದು ಅವರು ಆಗಲೇ ಬರೆದಿದ್ದರು. ನನಗೆ ಈ ವಿಷಯದ ಜೀವಾಳವೇ ಇದು. ಪ್ರೋಗ್ರಾಂ ಮತ್ತು ಡಿಸ್‌ಪ್ಲೇ ಸರ್ವರ್ ನಡುವೆ ಉದ್ದದ ತಂತಿ ಇದ್ದಾಗ, ಪ್ರತಿ ಗೆರೆಗೂ ಕಾಯುತ್ತಾ ಕೂತರೆ ಕೆಲಸ ಸಾಗುವುದಿಲ್ಲ, ಅಲ್ವಾ?

1980ರ ದಶಕದ ಕೊನೆಗೆ ಎಕ್ಸ್ ಟರ್ಮಿನಲ್‌ಗಳು, ಅಂದರೆ ಎಕ್ಸ್‌ನ ಡಿಸ್‌ಪ್ಲೇ ಸರ್ವರ್ ಓಡಿಸಲೆಂದೇ ಮಾಡಿದ ಪೆಟ್ಟಿಗೆಗಳು, ಬಂದವು. ಒಳಗೆ ಪ್ರೊಸೆಸರ್, ಒಂದಿಷ್ಟು ಮೆಮೊರಿ, ಅಷ್ಟೇ. ಹಾರ್ಡ್ ಡಿಸ್ಕ್ ಬೇಕಿರಲಿಲ್ಲ. ಎಷ್ಟೋ ಟರ್ಮಿನಲ್‌ಗಳು ಸ್ವಿಚ್ ಹಾಕಿದ ಕೂಡಲೇ ನೆಟ್‌ವರ್ಕ್‌ನಿಂದ ತಮ್ಮ ತಂತ್ರಾಂಶ ತರಿಸಿಕೊಂಡು, ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಓಡುವ ದೂರದ ದೊಡ್ಡ ಯಂತ್ರದ ಲಾಗಿನ್ ತೋರಿಸುತ್ತಿದ್ದವು. ನೀವು 'ಎ' ಒತ್ತಿದಿರಿ ಅನ್ನಿ. ಆ ಸುದ್ದಿ ದೊಡ್ಡ ಯಂತ್ರದಲ್ಲಿ ಓಡುವ ಎಡಿಟರ್‌ಗೆ, ಅಂದರೆ ಬರವಣಿಗೆಯ ಪ್ರೋಗ್ರಾಂಗೆ, ಹೋಗುತ್ತದೆ. 'ಈ ಜಾಗದಲ್ಲಿ ಎ ಬರೆ' ಎಂಬ ಆದೇಶ ವಾಪಸ್ ಬರುತ್ತದೆ. ಅಕ್ಷರದ ಚುಕ್ಕೆಗಳನ್ನು ಮೂಡಿಸುವುದು ಟರ್ಮಿನಲ್. ದೊಡ್ಡ ಯಂತ್ರಕ್ಕೆ ಆ ತಲೆನೋವು ಇಲ್ಲ. ಒಂದೇ ಯಂತ್ರ ಹಲವರಿಗೆ ಸಾಕಾಗುತ್ತಿತ್ತು.

ಇವತ್ತು ಟರ್ಮಿನಲ್‌ನ ಈ ಕೆಲಸಕ್ಕೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಸಾಕು. ಆದರೆ ಈಗಿನ ಎಷ್ಟೋ ಅಪ್ಲಿಕೇಶನ್‌ಗಳು 'ಗೆರೆ ಎಳೆ' ಅನ್ನುವುದಿಲ್ಲ. ಚಿತ್ರವನ್ನು ತಾವೇ ಸಿದ್ಧ ಮಾಡಿ ಇಡಿಯಾಗಿ ಕಳಿಸುತ್ತವೆ. ತಂತಿಯ ಮೇಲಿನ ಹೊರೆ ಜಾಸ್ತಿಯಾಗುತ್ತದೆ. ಎಡಿಟರ್, ಆದೇಶ ಟೈಪ್ ಮಾಡುವ ಟರ್ಮಿನಲ್ ವಿಂಡೋಗಳಿಗೆ ಚೆನ್ನಾಗಿ ಒಗ್ಗುವ ಈ ಏರ್ಪಾಡಿನಲ್ಲಿ ವಿಡಿಯೋ ನೋಡಲು ಹೋಗಬೇಡಿ.

ಇನ್ನೊಂದು ಮಾತು. ಎಕ್ಸ್ ತನ್ನಷ್ಟಕ್ಕೆ ಏನನ್ನೂ ಗೂಢಲಿಪಿಗೆ ಬದಲಿಸುವುದಿಲ್ಲ. ನೀವು ಒತ್ತಿದ ಪಾಸ್‌ವರ್ಡ್ ಕೂಡ ನೆಟ್‌ವರ್ಕ್‌ನಲ್ಲಿ ಬಿಚ್ಚುಬಿಚ್ಚಾಗಿ ಹೋಗುತ್ತದೆ. ಹಾಗಾಗಿ ಪೈನಿಂದ ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಸಂಪರ್ಕದ ಮೂಲಕವೇ ದೊಡ್ಡ ಯಂತ್ರಕ್ಕೆ ಹೋಗಿ. ಮೊದಲು ಅಲ್ಲಿ ಎಕ್ಸ್‌ಕ್ಲಾಕ್ ಎಂಬ ಪುಟ್ಟ ಗಡಿಯಾರವನ್ನು ಓಡಿಸಿ ನೋಡಿ. ಅದು ನಿಮ್ಮ ಪರದೆಗೆ ಬಂತು ಅಂದರೆ ದಾರಿ ಸರಿಯಿದೆ, ಎಡಿಟರ್ ತೆರೆಯಬಹುದು.

ನಮಸ್ಕಾರ.