ಬಾಗಿಲಿನ ತಳಕ್ಕೂ ಸೀಲರ್ ಹೊಡೆಸಿ ಸ್ವಾಮಿ!

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಬಾಗಿಲಿನ ತಳಕ್ಕೆ ಸೀಲರ್ ಹೊಡೆದರೆ ಯಾರು ನೋಡ್ತಾರೆ? ಸುಮ್ನೆ ಖರ್ಚು." ಸೀಲರ್ ಅಂದರೆ ಪಾಲಿಶ್‌ಗೆ ಮೊದಲು ಮರದ ಸಣ್ಣ ತೂತು ಮುಚ್ಚಲು ಬಳಿಯುವ ದ್ರವ. ತಳಕ್ಕೆ ಬಳಿದರೆ ಯಾರೂ ನೋಡಲ್ಲ, ಒಪ್ಪಿದೆ. ನೀರಿಗೆ ಮಾತ್ರ ಆ ಜಾಗ ಚೆನ್ನಾಗಿ ಗೊತ್ತು.

ಮರದೊಳಗೆ ಬೇರಿನಿಂದ ನೀರು ಏರುತ್ತಿದ್ದ ಸಣ್ಣ ಕೊಳವೆಗಳು ಹಲಗೆಯಲ್ಲೂ ಹಾಗೇ ಇರುತ್ತವೆ. ಅವುಗಳ ಬಾಯಿ ತೆರೆದಿರುವುದು ಬಾಗಿಲಿನ ತಲೆಯಲ್ಲಿ ಮತ್ತು ತಳದಲ್ಲಿ. ಮುಂದೆ ಹಿಂದೆ ಮೆಲಮೈನ್ ಪಾಲಿಶ್ ಫಳಫಳ, ತಳ ಬರೀ ಮೈ! ಮಳೆಯ ತೇವ, ನೆಲ ಒರೆಸುವ ನೀರು, ಎಲ್ಲ ಅಲ್ಲಿಂದಲೇ ಏರುತ್ತದೆ. ಮರ ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ, ಅಗಲಕ್ಕೆ ಜಾಸ್ತಿ. ಅದಕ್ಕೇ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದು. ಆಗ ಆಚಾರ್ರನ್ನು ಕರೆಸಿ ಬದಿ ಹೆರೆಸುತ್ತೀರಿ. ಹೆರೆದ ಜಾಗ ಮತ್ತೆ ಬರೀ ಮೈ!

"ನಮ್ಮದು ತೇಗ, ಏನೂ ಆಗಲ್ಲ." ಬಂತು ನೋಡಿ! ತೇಗ ಕಡಿಮೆ ಹಿಗ್ಗುತ್ತದೆ, ಸರಿ. ಆದರೆ ಅದರ ಮೈಯಲ್ಲಿ ಎಣ್ಣೆ. ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಒಣಗಿದ ಕೂಡಲೇ ಸೀಲರ್ ಹೊಡೆಯಬೇಕು. ಇಲ್ಲದಿದ್ದರೆ ಸರಿಯಾಗಿ ಹಿಡಿಯಲ್ಲ. ಹೊನ್ನೆಯಾದರೆ ನೆನೆದಾಗ ಹಳದಿ ಬಣ್ಣ ಬಿಡುತ್ತದೆ, ನಿಮ್ಮ ಬಿಳಿ ಟೈಲ್ಸ್ ಮೇಲೆ ಅರಿಶಿನ ಶಾಸ್ತ್ರ! ಪದರ ಅಂಟಿಸಿ ಮಾಡಿದ ಫ್ಲಶ್ ಡೋರ್? ಬಚ್ಚಲುಮನೆಯಲ್ಲಿ ತಳ ನೆನೆದು ಪದರ ಬಿಚ್ಚಿದ್ದನ್ನು ನೀವೇ ನೋಡಿದ್ದೀರಿ, ಅಲ್ವಾ?

ಮರ ಯಾವುದೇ ಇರಲಿ, ತಳಕ್ಕೆ ಸೀಲರ್. ಬಾಗಿಲು ಕೂರಿಸುವ ಮೊದಲೇ! 180 ನಂಬರಿನ, ಆಮೇಲೆ ಇನ್ನೂ ನುಣುಪಾದ 220ರ ಉಪ್ಪು ಕಾಗದದಲ್ಲಿ ಉಜ್ಜಿ. ಮೊದಲ ಕೋಟು ತೆಳ್ಳಗೆ. ತಳ ಅದನ್ನು ಕುಡಿದುಬಿಡುತ್ತದೆ. ಒಣಗಲಿ, ಇನ್ನೊಂದು ಕೊಡಿ. ಮತ್ತೂ ಕುಡಿದರೆ ಮತ್ತೊಂದು. (ಕಾಗದದ ನಂಬರುಗಳ ಮೇಲೆ ಬೇರೆ ವಿಡಿಯೋ ಇದೆ, ನೋಡದವರು ನೋಡಿ, ಗಂಟೆ ಒತ್ತಿ.)

"ತಾತನ ಕಾಲದಲ್ಲಿ ಸೀಲರ್ ಇತ್ತಾ?" ತಾತನ ಮನೆಗೆ ಅಗಲವಾದ ಸೂರಿತ್ತು, ಎತ್ತರದ ಹೊಸ್ತಿಲಿತ್ತು. ಕರಾವಳಿಯಲ್ಲಿ ಮರಕ್ಕೆ ಗೇರೆಣ್ಣೆ ಬಳಿಯುತ್ತಿದ್ದರು. ನಿಮ್ಮ ಫ್ಲಾಟಿನಲ್ಲಿ ಏನಿದೆ? ಡೋರ್‌ಮ್ಯಾಟ್!

ಪಾಲಿಶ್‌ನವರು "ಬೇಡ ಸಾರ್" ಅಂತಾರೆ. ಅಂತಾರಪ್ಪ, ಮುಂದಿನ ವರ್ಷ ಅವರನ್ನೇ ಕರೆಸ್ತೀರಲ್ಲ! ತಳಕ್ಕೆ ಹೊಡೆಸಿ. ತಲೆಗೂ ಹೊಡೆಸಿ. ಯಾಕೆ ಅಂತ ಕೇಳಬೇಡಿ, ಹೊಡೆಸಿ! ಇನ್ನೂ ಅನುಮಾನ ಇದ್ದರೆ ಬಾಗಿಲಿನ ಕೆಳಗೆ ಮೊಬೈಲ್ ತೂರಿಸಿ ಫೋಟೋ ತೆಗೆದು ಕಳಿಸಿ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿಯೇ ಕಳಿಸಿ, ಬಿಟ್ಟಿ ಸಲಹೆ ಕೊಡಲ್ಲ.