ಹಾಡು ನಿಂತ ಮೇಲೂ ನಿಲ್ಲದ ದನಿ

ಕೇಳುಗರೇ, ನಮಸ್ಕಾರ. ಇವತ್ತು ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್ ಬರೆದ ಒಂದು ಸಾನೆಟ್ ಬಗ್ಗೆ ಮಾತಾಡೋಣ. ಹದಿನಾಲ್ಕೇ ಸಾಲು, 1822ರಲ್ಲಿ ಅಚ್ಚಾದದ್ದು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಕಿಂಗ್ಸ್ ಕಾಲೇಜ್ ಚಾಪೆಲ್ಲಿನ, ಅಂದರೆ ಕಾಲೇಜಿನ ಪ್ರಾರ್ಥನಾ ಮಂದಿರದ ಒಳಗೆ ಕಂಡದ್ದು, ಕೇಳಿದ್ದು ಅದರಲ್ಲಿದೆ. ಕೊನೆಯ ಸಾಲಿನಲ್ಲಿ ಅಮರತ್ವದ ಮಾತು ಬರುತ್ತದೆ ನೋಡಿ, ತುಂಬಾ ಜನ ಸೀದಾ ಅಲ್ಲಿಗೇ ಹಾರಿ, 'ಆತ್ಮ, ಪರಲೋಕ' ಅಂತ ಟಿಪ್ಪಣಿ ಬರೆದು ಮುಗಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಪದ್ಯವನ್ನು ಮೊದಲು ಕಿವಿಯಿಂದ ಓದಿ.

ಆ ಚಾಪೆಲ್ ಕಟ್ಟಲು 1446ರಲ್ಲಿ ದೊರೆ ಆರನೇ ಹೆನ್ರಿ ಶುರುಮಾಡಿಸಿದ. ಬೀಸಣಿಗೆ ಬಿಚ್ಚಿಟ್ಟ ಹಾಗಿರುವ ಕಲ್ಲಿನ ಛಾವಣಿ ಮುಗಿದದ್ದು 1515ರಲ್ಲಿ. ಸುಮಾರು 24 ಮೀಟರ್ ಎತ್ತರ, ಸುತ್ತ ಕಲ್ಲು, ಗಾಜು. ಕಲ್ಲು ದನಿಯನ್ನು ಹೀರುವುದು ತೀರಾ ಕಡಿಮೆ, ಅಲ್ವಾ?

ನಾನು ಅಲ್ಲಿ ಒಂದು ಸಂಜೆ ಪ್ರಾರ್ಥನೆಗೆ ಕೂತಿದ್ದೆ. ಹುಡುಗರು, ಯುವಕರು ಸೇರಿ ಕೀರ್ತನೆ ಹಾಡುತ್ತಿದ್ದರು, ಜೊತೆಗೆ ಆರ್ಗನ್. ಪಕ್ಕದಲ್ಲಿ ವಯಸ್ಸಾದವರೊಬ್ಬರು ಹಾಡು ಶುರುವಾದಾಗಿನಿಂದ ಪುಸ್ತಕದಲ್ಲಿ ಪುಟ ಹುಡುಕುತ್ತಲೇ ಇದ್ದರು, ತಲೆ ಎತ್ತಲೇ ಇಲ್ಲ. ಕೊನೆಯ ಸ್ವರ ಬಂತು, ಆರ್ಗನ್ ನಿಂತಿತು, ಎದುರಿನ ಸಾಲಿನ ಹುಡುಗರು ಬಾಯಿ ಮುಚ್ಚಿದ್ದು ನನಗೆ ಕಾಣಿಸುತ್ತಿತ್ತು. ದನಿ ಮಾತ್ರ ಮೇಲೆ ಇತ್ತು! ಛಾವಣಿಯ ಉದ್ದಕ್ಕೂ ಸರಿಯುತ್ತಾ ಹೋಯಿತು. ಅವರು ಪುಟದ ಮೇಲೆ ಬೆರಳಿಟ್ಟುಕೊಂಡೇ ತಲೆ ಎತ್ತಿ ಹುಡುಗರನ್ನು ನೋಡಿದರು, ಆಮೇಲೆ ಛಾವಣಿ ನೋಡಿದರು, 'ಯಾರು ಹಾಡುತ್ತಿದ್ದಾರೆ?' ಅಂತ ನನ್ನನ್ನೇ ಮೆಲ್ಲಗೆ ಕೇಳಿದರು. ವರ್ಡ್ಸ್‌ವರ್ತ್ ಬರೆದದ್ದು ಇದನ್ನೇ. ಸಂಗೀತ ಅಲ್ಲೇ ವಾಸವಾಗಿದೆ, ಸಾಯಲು ಮನಸ್ಸಿಲ್ಲದೆ ಸುಳಿದಾಡುತ್ತಿದೆ ಅನ್ನುತ್ತಾನೆ. ಸುಮ್ನೆ ಅಲಂಕಾರಕ್ಕೆ ಹೇಳಿದ ಮಾತಲ್ಲ, ಅಲ್ಲಿ ಕೂತವರ ಕಿವಿಗೆ ಬೀಳುವುದೇ ಅದು.

ಹನ್ನೊಂದನೇ ಸಾಲು ಮುಗಿಯುತ್ತದೆ, ವಾಕ್ಯ ಮುಗಿಯುವುದಿಲ್ಲ, ಹನ್ನೆರಡನೇ ಸಾಲಿಗೆ ಹರಿಯುತ್ತದೆ. ಹಾಡು ನಿಂತರೂ ದನಿ ಮುಂದುವರಿದಂತೆಯೇ ಇದು. ಅಮರತ್ವದ ಮಾತು ಬರುವುದು ಇದಾದ ಮೇಲೆ. ಕೇಳಿದ್ದೇ ಅದಕ್ಕೆ ಆಧಾರ. ಕಟ್ಟಿದವನು ಈ ಚಾಪೆಲ್ಲನ್ನು ನಮ್ಮ ಇಂದ್ರಿಯಗಳಿಗಾಗಿ ಕಟ್ಟಿದ ಅಂತ ಕವಿಯೇ ಎಂಟನೇ ಸಾಲಿನಲ್ಲಿ ಹೇಳಿದ್ದಾನಲ್ಲ! ಅಷ್ಟಾದರೂ ಪರಲೋಕವೇ ಮೊದಲು ಬೇಕೇ?

ಶುರುವಿನ ಸಾಲುಗಳು ಖರ್ಚಿನ ಬಗ್ಗೆ. ಇಷ್ಟೇ ಜನಕ್ಕೆ ಇಷ್ಟು ದೊಡ್ಡ ಕಟ್ಟಡವೇ ಅಂತ ದೊರೆಯನ್ನು ದೂರಬೇಡಿ, ಲೆಕ್ಕ ಹಾಕಿ ಕೊಡಬೇಡಿ ಅನ್ನುತ್ತಾನೆ. ಅದರ ಬಗ್ಗೆ ಜಾಸ್ತಿ ಹೇಳಲು ಸಮಯವಿಲ್ಲ. ಪದ್ಯ ಕೈಗೆ ಸಿಕ್ಕರೆ ಗಟ್ಟಿಯಾಗಿ ಓದಿ, ಹನ್ನೊಂದನೇ ಸಾಲಿನ ಕೊನೆಯಲ್ಲಿ ಮಾತ್ರ ಉಸಿರು ತೆಗೆದುಕೊಳ್ಳಬೇಡಿ. ನಮಸ್ಕಾರ.