27ರ ವ್ಯತ್ಯಾಸ

ಕೇಳುಗರಿಗೆ ನಮಸ್ಕಾರ.

ನಾನು ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಬಿಡುವಾದಾಗ ಕವಿತೆ ಬರೆಯುತ್ತೇನೆ. ಇದನ್ನು ಹೇಳಿದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. "ಅಲ್ಲಾ, ಇಡೀ ದಿನ ಅಂಕಿ ನೋಡಿ, ಸಂಜೆ ಕವಿತೆ ಹೇಗೆ ಓದ್ತೀರಿ?"

ಮೊದಮೊದಲು ನನಗೂ ಅದೇ ಚಿಂತೆ. ಕವಿಗೋಷ್ಠಿ ಇದ್ದರೆ ಅರ್ಧ ದಿನ ರಜೆ ಹಾಕುತ್ತಿದ್ದೆ. ಮನೆಗೆ ಹೋಗಿ, ಮುಖ ತೊಳೆದು, ಕನ್ನಡಿ ಮುಂದೆ ನಿಂತು ಹತ್ತು ಸಲ ಓದುತ್ತಿದ್ದೆ. ಮೈಕಿನ ಮುಂದೆ ನಿಲ್ಲುವ ಹೊತ್ತಿಗೆ ಕವಿತೆ ನನಗೇ ಹಳಸಿರುತ್ತಿತ್ತು. ಈಗ ಆ ರಜೆ ಬಿಟ್ಟಿದ್ದೇನೆ. ಅದಕ್ಕೆ ಕಾರಣ ಒಂದು ತಿಂಗಳ ಕೊನೆಯ ದಿನ.

ತಿಂಗಳ ಕೊನೆ ಅಂದರೆ ಲೆಕ್ಕ ಮುಗಿಸುವ ದಿನ. ಜಮಾ ಒಂದು ಕಡೆ, ಖರ್ಚು ಒಂದು ಕಡೆ, ಎರಡೂ ತಾಳೆಯಾಗಬೇಕು. ಅವತ್ತು ಆಗಲಿಲ್ಲ. 27ರ ವ್ಯತ್ಯಾಸ. ಹೊರಗಿನವರಿಗೆ ಅದು ಚಿಲ್ಲರೆ. ನಮಗೆ ಹಾಗಲ್ಲ. ದೊಡ್ಡ ಮೊತ್ತ ತಪ್ಪಿದರೂ 27 ತಪ್ಪಿದರೂ ಕುರ್ಚಿ ಬಿಟ್ಟು ಏಳುವ ಹಾಗಿಲ್ಲ.

ಇಂಥ ಹೊತ್ತಿಗೆ ಅಂತ ನಮ್ಮಲ್ಲಿ ಒಂದು ಹಳೆಯ ಉಪಾಯ ಇದೆ. ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುವುದು. ಶೇಷ ಉಳಿಯದಿದ್ದರೆ, ಯಾರೋ ಅಂಕಿಗಳನ್ನು ಅದಲುಬದಲು ಬರೆದಿರಬಹುದು ಅಂತ ಗುಮಾನಿ. 27ನ್ನು 9ರಿಂದ ಭಾಗಿಸಿದರೆ 3. ಅಂದರೆ, ಮೂರರ ಅಂತರ ಇರುವ ಪಕ್ಕಪಕ್ಕದ ಅಂಕಿಗಳ ಜೋಡಿಯನ್ನು ಹುಡುಕಬೇಕು. 1 ಮತ್ತು 4, 2 ಮತ್ತು 5, 3 ಮತ್ತು 6, ಹೀಗೆ. ಮಧ್ಯಾಹ್ನ ಎರಡಕ್ಕೆ ಶುರು ಮಾಡಿದೆ. ಸಿಕ್ಕಾಗ ಐದು ದಾಟಿತ್ತು. 1,285 ಇದ್ದ ವೋಚರು ಪುಸ್ತಕದಲ್ಲಿ 1,258 ಆಗಿತ್ತು. ಬರೆದವರು ಯಾರು ಅಂತ ಕೇಳಬೇಡಿ. ಅಕ್ಷರ ನನ್ನದೇ.

ಅಲ್ಲಿಂದ ನೇರ ಕವಿಗೋಷ್ಠಿಗೆ ಓಡಿದೆ. ಮುಖ ತೊಳೆಯಲಿಲ್ಲ, ಕನ್ನಡಿ ನೋಡಲಿಲ್ಲ.

ಹೊಟ್ಟೆಪಾಡಿಗೆ ಒಂದು ಕೆಲಸ ಮಾಡುತ್ತಲೇ ಕವಿತೆ ಬರೆದವರಿಗೇನು ಕಡಿಮೆ ಇಲ್ಲ. ಟಿ.ಎಸ್. ಎಲಿಯಟ್ 1917ರಿಂದ 1925ರವರೆಗೆ ಬ್ಯಾಂಕ್ ನೌಕರ. ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ವೈದ್ಯ, ರೋಗಿಗಳ ನಡುವೆ ಸಿಕ್ಕ ಬಿಡುವಿನಲ್ಲಿ ಔಷಧಿ ಚೀಟಿಯ ಮೇಲೇ ಸಾಲು ಗೀಚಿಕೊಳ್ಳುತ್ತಿದ್ದರು. ನಮ್ಮ ನಿಸಾರ್ ಅಹಮದ್ ಭೂವಿಜ್ಞಾನ ಕಲಿಸುತ್ತಿದ್ದವರು. ನನಗೆ ಜಾಸ್ತಿ ಇಷ್ಟ ವಾಲೇಸ್ ಸ್ಟೀವನ್ಸ್. ವಿಮಾ ಕಂಪನಿಯಲ್ಲಿ ದೊಡ್ಡ ಹುದ್ದೆ, 1934ರಲ್ಲಿ ಉಪಾಧ್ಯಕ್ಷ. ಆದರೂ ಆಫೀಸಿಗೆ ನಡೆದೇ ಹೋಗುತ್ತಿದ್ದರು. ಹೆಜ್ಜೆ ಹಾಕುತ್ತಾ ಮನಸ್ಸಿನಲ್ಲೇ ಸಾಲು ಕಟ್ಟುತ್ತಿದ್ದರು. ಅಷ್ಟು ದೊಡ್ಡವರ ಸಾಲಿನಲ್ಲಿ ನಾನು ನಿಲ್ಲುತ್ತಿಲ್ಲ. ಓಡುತ್ತಾ ಹೋಗುವಾಗ ಸುಮ್ನೆ ನೆನಪಾಯಿತು, ಅಷ್ಟೆ.

ನನ್ನ ಸರದಿ ಬಂತು. ದಿನವಿಡೀ ಫೋನಿನಲ್ಲಿ ಮಾತಾಡಿ ಗಂಟಲು ಕಟ್ಟಿತ್ತು. ಅದರಿಂದ ಒಂದು ಉಪಕಾರವಾಯಿತು ನೋಡಿ. ದನಿ ಏರಿಸಿ ಓದಲು ಆಗಲೇ ಇಲ್ಲ. ಉಸಿರು ಸಾಲದೆ ಸಾಲಿನ ಕೊನೆಯಲ್ಲಿ ನಿಜವಾಗಿಯೂ ನಿಲ್ಲಬೇಕಾಯಿತು. ಮೊದಲು ನಾನು ನಿಲ್ಲುತ್ತಿದ್ದದ್ದು ಚಪ್ಪಾಳೆಗೆ! ಆಮೇಲೆ ಮೈಕು. ಬಾಯಿ ತೀರಾ ಹತ್ತಿರ ಒಯ್ದರೆ 'ಪ', 'ಬ' ಅಕ್ಷರಗಳು ಗುಂಡು ಹಾರಿದ ಹಾಗೆ ಕೇಳಿಸುತ್ತವೆ. ಒಂದು ಗೇಣು ದೂರ ನಿಂತೆ. ಸಭೆ ನಿಶ್ಶಬ್ದವಾಯಿತು.

ಕವಿತೆಯಲ್ಲಿ ಒಂದು ಸಾಲು ಹೀಗಿತ್ತು: "ಬಾಗಿಲು ತೆರೆದಿದೆ, ಮನೆಯಲ್ಲಿ ಯಾರೂ ಇಲ್ಲ." ಎಷ್ಟೋ ದಿನ ತಿದ್ದಿದ ಸಾಲು. ಮೂರು ಗಂಟೆ ಅಂಕಿ ನೋಡಿದ ಕಣ್ಣು ಅಲ್ಲಿ ಎಡವಿತು. ನಾನು ಓದಿದ್ದು, "ಮನೆಯಲ್ಲಿ ಯಾರೂ ಇಲ್ಲ, ಬಾಗಿಲು ತೆರೆದಿದೆ."

ತಪ್ಪಿದ್ದು ತಕ್ಷಣ ಗೊತ್ತಾಯಿತು. ತಿದ್ದಿ ಓದೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ "ಹ್ಞೂಂ" ಅಂದರು. ಮೆಲ್ಲಗೆ, ತಮಗೆ ತಾವೇ ಅಂದುಕೊಂಡ ಹಾಗೆ. ನನ್ನ ಸಾಲು "ಯಾರೂ ಇಲ್ಲ" ಅಂತ ಬಾಗಿಲು ಹಾಕಿಕೊಳ್ಳುತ್ತಿತ್ತು. ಎಡವಿದ ಸಾಲು ತೆರೆದೇ ಉಳಿಯಿತು. ಅದೇ ಪದಗಳು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಕೂಡಿದರೆ ಲೆಕ್ಕ ಸರಿ. ಆದರೂ ವ್ಯತ್ಯಾಸ ಇತ್ತು. ಅದನ್ನು ಯಾವ 9ರಿಂದ ಭಾಗಿಸುವುದು?

ತಿದ್ದದೆ ಮುಂದಿನ ಸಾಲಿಗೆ ಹೋದೆ.

ನನ್ನ ಜಾಗಕ್ಕೆ ಬಂದು ಕೂತು ಹಾಳೆ ಬಿಚ್ಚಿದೆ. ಜೇಬಿನಲ್ಲಿ ಆಫೀಸಿನ ಕೆಂಪು ಪೆನ್ನು ಹಾಗೇ ಇತ್ತು. ಸಂಜೆ 1,258ನ್ನು ತಿದ್ದಿದ ಪೆನ್ನು. ಅದರಿಂದಲೇ ಎರಡು ಬಾಣ ಎಳೆದು, ಪಕ್ಕದಲ್ಲಿ ಒಂದು ಪುಟ್ಟ ಸಹಿ ಹಾಕಿದೆ. ತಿದ್ದಿದ ಕಡೆ ಸಹಿ ಹಾಕದಿದ್ದರೆ ನಮ್ಮಲ್ಲಿ ಒಪ್ಪುವುದಿಲ್ಲ.

ನಮಸ್ಕಾರ.